ನಲವತ್ತು ದಾಟಿದ ಟೈಲರ್ ಹೆಂಗಸು ಸೂಪರ್‌ವೈಸರ್ ಆಗಬಾರದಾ?

ಮದ್ದೂರಿನ ಟೈಲರ್:
ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಈಗ 43 ವರ್ಷ. ಮೊದಲು ಪೀಣ್ಯದಲ್ಲಿ ಹೆಲ್ಪರ್ ಆಗಿ ಸೇರಿದ್ದು, ಆಮೇಲೆ ಊರ ಹತ್ತಿರವೇ ಫ್ಯಾಕ್ಟರಿ ಬಂತು ಅಂತ ಇಲ್ಲಿಗೆ ಬಂದೆ. ಕಾಲರ್, ಕಫ್, ಪ್ಲಾಕೆಟ್, ತೋಳು ಕೂರಿಸೋದು, ಯಾವ ಮೆಷಿನ್‌ಗೆ ಹಾಕಿದರೂ ಹೊಲಿಯುತ್ತೇನೆ. ಯಾರಾದರೂ ರಜೆ ಹಾಕಿದರೆ ಆ ಜಾಗಕ್ಕೆ ನನ್ನನ್ನೇ ಕಳಿಸುತ್ತಾರೆ. ಹೊಸಬರು ಬಂದರೆ ಕಲಿಸುವುದೂ ನಾನೇ.

ಹೋದ ತಿಂಗಳು ನಮ್ಮ ಬ್ಯಾಚ್ ಸೂಪರ್‌ವೈಸರ್ ಕೆಲಸ ಬಿಟ್ಟರು. ನನಗೆ ಒಂದು ಅವಕಾಶ ಕೊಡಿ ಸಾರ್ ಅಂತ ಪಿ.ಎಂ. (ಪ್ರೊಡಕ್ಷನ್ ಮ್ಯಾನೇಜರ್) ಹತ್ತಿರ ಕೇಳಿದೆ. "ಲೇಡೀಸ್ ಮಾತು ಲೇಡೀಸೇ ಕೇಳಲ್ಲಮ್ಮ, ಜೋರು ಮಾಡೋಕೆ ಗಂಡಸರೇ ಬೇಕು. ಅದೂ ಅಲ್ದೆ ಈ ವಯಸ್ಸಲ್ಲಿ ಟ್ಯಾಬು, ರಿಪೋರ್ಟು ಎಲ್ಲಾ ಕಲಿಯೋಕಾಗುತ್ತಾ?" ಅಂದರು. ಕೊನೆಗೆ ಒಬ್ಬ ಹುಡುಗನನ್ನು ಮಾಡಿದರು. ಅವನು ಸೇರಿದಾಗ ಓವರ್‌ಲಾಕ್ ಮೆಷಿನ್‌ಗೆ ದಾರ ಹಾಕೋದು ಹೇಳಿಕೊಟ್ಟವಳು ನಾನು. ಹುಡುಗ ಒಳ್ಳೆಯವನು, ಅವನ ಮೇಲೆ ಸಿಟ್ಟಿಲ್ಲ. ಈಗಲೂ ಲೈನ್‌ನಲ್ಲಿ ಪೀಸ್ ಗುಡ್ಡೆ ಬಿದ್ದರೆ "ಅಕ್ಕಾ, ಏನ್ಮಾಡೋದು" ಅಂತ ನನ್ನ ಹತ್ತಿರವೇ ಬರುತ್ತಾನೆ, ನಾನು ಹೇಳುತ್ತೇನೆ, ಸಂಬಳ ಮಾತ್ರ ಅವನಿಗೆ ಸೂಪರ್‌ವೈಸರ್‌ದು, ನನಗೆ ಟೈಲರ್‌ದು.

ನಮ್ಮಲ್ಲಿ ಮೆಷಿನ್ ಮುಂದೆ ಕೂತವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಸೂಪರ್‌ವೈಸರ್, ಇನ್‌ಚಾರ್ಜ್, ಪಿ.ಎಂ. ಎಲ್ಲಾ ಗಂಡಸರು. ಇದನ್ನು ಯಾರ ಹತ್ತಿರ, ಹೇಗೆ ಕೇಳಬೇಕು? ಕೇಳಿದರೆ ಇರೋ ಕೆಲಸಕ್ಕೇ ಕುತ್ತು ಬರುತ್ತಾ?

ಫ್ಲೋರ್ ಇನ್‌ಚಾರ್ಜ್:
ಅಕ್ಕಾ, ನಾನು ಬೇರೆ ಫ್ಯಾಕ್ಟರಿಯಲ್ಲಿದ್ದೀನಿ, ನಿಮ್ಮ ಪಿ.ಎಂ. ಹೇಳಿದ ಮಾತು ನಮ್ಮ ಮೀಟಿಂಗ್‌ಗಳಲ್ಲೂ ದಿನಾ ಕೇಳುತ್ತೇನೆ. ಸೂಪರ್‌ವೈಸರ್ ಅಂದರೆ ಜೋರು ಮಾಡೋನು ಅಂದುಕೊಂಡಿರೋದೇ ತಪ್ಪು. ಕಾಲರ್ ತುದಿ ಸರಿಯಾಗಿ ಬರ್ತಿಲ್ಲ ಅಂದ್ರೆ ಗಂಟೆಗಟ್ಟಲೆ ಕೂಗಿದರೂ ಬರಲ್ಲ. ಹೊಲಿದು ಗೊತ್ತಿರೋರು ಒಂದು ಪೀಸ್ ಬಿಚ್ಚಿ, ಒಳಗೆ ಅಂಟಿಸಿರೋ ಗಟ್ಟಿ ಬಟ್ಟೆ (ಫ್ಯೂಸಿಂಗ್) ಸರಿದಿದೆಯಾ, ಕಟಿಂಗ್ ಹೆಚ್ಚುಕಮ್ಮಿ ಆಗಿದೆಯಾ, ಇಲ್ಲ ಕೈ ತಪ್ಪಾ ಅಂತ ನೋಡಿ ಹೇಳುತ್ತಾರೆ. ಬೆಳಗ್ಗೆ ನಾಲ್ಕು ಜನ ಬಂದಿಲ್ಲ ಅಂದರೆ ಯಾರನ್ನು ಎಲ್ಲಿ ಕೂರಿಸಬೇಕು ಅನ್ನೋದು ಎಲ್ಲಾ ಮೆಷಿನ್ ಗೊತ್ತಿರೋರಿಗೇ ಹೊಳೆಯೋದು.

"ಲೇಡೀಸ್ ಮಾತು ಲೇಡೀಸ್ ಕೇಳಲ್ಲ" ಅನ್ನೋದನ್ನ ಬಾಂಗ್ಲಾದೇಶದ ಗಾರ್ಮೆಂಟ್ಸ್‌ಗಳಲ್ಲಿ ಸಂಶೋಧಕರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಟೈಲರ್‌ಗಳಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಟ್ರೈನಿಂಗ್ ಕೊಟ್ಟು ಸೂಪರ್‌ವೈಸರ್ ಜಾಗದಲ್ಲಿ ನಿಲ್ಲಿಸಿದರು. ಶುರುವಿನಲ್ಲಿ ಹೆಂಗಸರು ಅಷ್ಟು ಚೆನ್ನಾಗಿ ನಡೆಸಲ್ಲ ಅಂತಲೇ ಕೈಕೆಳಗಿನವರು ಹೇಳಿದರು. ಕೆಲವು ತಿಂಗಳು ಜೊತೆಗೆ ಕೆಲಸ ಮಾಡಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ಅದಕ್ಕೇ ಹೇಳೋದು, ಒಂದು ವಾರ ಟ್ರಯಲ್ ನೋಡೋಣ ಅಂದರೆ ಒಪ್ಪಬೇಡಿ. ವಾರದಲ್ಲಿ ಯಾರ ಮಾತನ್ನೂ ಯಾರೂ ಕೇಳಲ್ಲ. ನಾಲ್ಕೈದು ತಿಂಗಳು ಕೇಳಿ.

ಇನ್ನು ಟ್ಯಾಬ್. ಗಂಟೆಗಂಟೆಗೆ ಎಷ್ಟು ಪೀಸ್ ಆಯ್ತು, ಎಷ್ಟು ಆಲ್ಟರ್ (ತಪ್ಪಾಗಿ ಮತ್ತೆ ಸರಿಮಾಡಬೇಕಾದ ಪೀಸ್) ಬಂತು ಅಂತ ಒತ್ತೋದು, ಅಷ್ಟೇ. ಫೋನ್‌ನಲ್ಲಿ ದುಡ್ಡು ಕಳಿಸೋಕೆ ಬರೋರಿಗೆ ಅದು ಎರಡು ದಿನದ ಮಾತು.

ಹಳೇ ಸೂಪರ್‌ವೈಸರ್:
ನಾನು ಆ ಕೆಲಸ ಮಾಡಿದ್ದೀನಿ, ಅದಕ್ಕೇ ಒಂದು ಮಾತು. ಆಗಬೇಡಿ ಅನ್ನಲ್ಲ, ತಿಳ್ಕೊಂಡು ಆಗಿ. ಟಾರ್ಗೆಟ್ ಬರಲಿಲ್ಲ ಅಂದರೆ ಮೇಲಿನವರ ಬೈಗುಳ ನಿಮಗೆ, ಅದನ್ನು ಕೆಳಗೆ ದಾಟಿಸಿದರೆ ಹುಡುಗಿಯರ ಶಾಪ ನಿಮಗೆ. ಗಂಡಸು ಕೂಗಿದರೆ ಸ್ಟ್ರಿಕ್ಟು, ನಾವು ಕೂಗಿದರೆ ಬಾಯಿಬಡುಕಿ.

ನಮ್ಮಲ್ಲಿ ಹೆಂಗಸರು ನಿಲ್ಲದೇ ಇದ್ದದ್ದಕ್ಕೆ ನಿಜವಾದ ಕಾರಣ ಬೇರೆ. ಕಂಪನಿ ಬಸ್ಸು ಐದೂವರೆಗೆ ಹೊರಡುತ್ತಿತ್ತು, ಸೂಪರ್‌ವೈಸರ್ ಮೀಟಿಂಗ್ ಶುರುವಾಗೋದೇ ಆಗ. ಗಂಡಸರಿಗೆ ಬೈಕ್ ಇತ್ತು. ಬಸ್ಸು ತಪ್ಪಿದ ಹೆಂಗಸು ಕತ್ತಲಲ್ಲಿ ರೋಡಿನಲ್ಲಿ ನಿಲ್ಲಬೇಕು, ಮನೆಯಲ್ಲಿ ಒಲೆ ಹಚ್ಚಿಲ್ಲ, ಮಕ್ಕಳು ಕಾಯ್ತಿರ್ತಾರೆ. ಎರಡು ದಿನ ಮೀಟಿಂಗ್‌ಗೆ ಬರಲಿಲ್ಲ ಅಂದರೆ "ನೋಡಿ, ಲೇಡೀಸ್‌ಗೆ ಜವಾಬ್ದಾರಿ ಇಲ್ಲ" ಅಂತ ಮಾತು. ನಾವು ಮೂವರು ಸೇರಿ ಊಟದ ಹೊತ್ತಾದ ಮೇಲೆ ಮೀಟಿಂಗ್ ಇಡಿ ಅಂತ ಪಟ್ಟು ಹಿಡಿದೆವು. ಇಟ್ಟರು. ಪ್ರೊಡಕ್ಷನ್ ಏನೂ ಕಡಿಮೆ ಆಗಲಿಲ್ಲ. ನೀವೂ ಇದನ್ನೆಲ್ಲಾ ಮೊದಲೇ ಮಾತಾಡಿಕೊಳ್ಳಿ.

ಯೂನಿಯನ್ ಕಡೆಯಿಂದ:
ಕಾನೂನು ಹೇಳುತ್ತೇನೆ. 1976ರ ಸಮಾನ ವೇತನ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಬಡ್ತಿ, ತರಬೇತಿ, ವರ್ಗಾವಣೆಯಲ್ಲೂ ಹೆಣ್ಣು ಅಂತ ಭೇದ ಮಾಡಬಾರದು ಅಂತ ಬರೆದರು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಅದರಲ್ಲೂ ಕೆಲಸದ ಷರತ್ತುಗಳಲ್ಲಿ ಲಿಂಗಭೇದ ಮಾಡುವಂತಿಲ್ಲ. ಇನ್ನೊಂದು ಕಾನೂನಿನ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಗ್ರೀವೆನ್ಸ್ ಕಮಿಟಿ (ಕೆಲಸಗಾರರ ದೂರು ಕೇಳೋ ಸಮಿತಿ) ಇರಲೇಬೇಕು, ಹೆಂಗಸರು ಎಷ್ಟು ಪಾಲು ಇದ್ದಾರೋ ಕಮಿಟಿಯಲ್ಲೂ ಅಷ್ಟು ಪಾಲಿಗೆ ಕಡಿಮೆ ಇಲ್ಲದಂತೆ ಇರಬೇಕು. ನಿಮ್ಮಲ್ಲಿ ಯಾರಿದ್ದಾರೆ ಅಂತ ಮೊದಲು ವಿಚಾರಿಸಿ.

ವಯಸ್ಸಿನ ವಿಷಯಕ್ಕೆ ಖಾಸಗಿ ಕೆಲಸದಲ್ಲಿ ಇಂಥ ನೇರ ಕಾನೂನು ಇಲ್ಲ. ಇದು ನನಗೆ ತುಂಬಾ ನೋವಿನ ಸಂಗತಿ, ಯಾಕೆಂದರೆ ಗಾರ್ಮೆಂಟ್ಸ್‌ನಲ್ಲಿ ಹೆಣ್ಣಿಗೆ ನಲವತ್ತಕ್ಕೇ ಮುದುಕಿ ಪಟ್ಟ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರೋಡಿಗಿಳಿದದ್ದು ನೆನಪಿದೆ ಅಲ್ವಾ? ಮಾಲೀಕರ ಪಾಲಿನ ಪಿ.ಎಫ್. ದುಡ್ಡನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. 58ರವರೆಗೆ ನಮ್ಮನ್ನು ಮೆಷಿನ್ ಮುಂದೆ ಯಾರು ಇಟ್ಟುಕೊಳ್ಳುತ್ತಾರೆ? ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಬಡ್ತಿ ಕೇಳಿದರೆ ಏನಾಗುತ್ತೋ ಅಂತ ಹೆದರಬೇಡಿ. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ, ಐ.ಎಫ್.ಎಸ್. (ಭಾರತದ ವಿದೇಶಾಂಗ ಸೇವೆ) ಸೇರಿದ ಮೊದಲ ಮಹಿಳೆ, ಬಡ್ತಿ ತಪ್ಪಿಸಿದರು ಅಂತ ಸುಪ್ರೀಂ ಕೋರ್ಟ್‌ಗೇ ಹೋದರು. ಕೇಸು ನಡೆಯುವಾಗಲೇ ಬಡ್ತಿ ಕೊಟ್ಟರು. ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಕೇಳಬೇಕು ಅನ್ನೋ ಥರದ ನಿಯಮಗಳನ್ನು 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಂಡಿಸಿದರು. ನಿಮಗೆ ಕೋರ್ಟಿನ ತನಕ ಹೋಗೋ ಅಗತ್ಯ ಬಾರದಿರಲಿ. ಮೊದಲು ಎಚ್‌.ಆರ್‌.ಗೆ ಕನ್ನಡದಲ್ಲೇ ಒಂದು ಅರ್ಜಿ ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ.

ಮದ್ದೂರಿನ ಟೈಲರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೀಟಿಂಗ್ ಟೈಮಿನ ವಿಷಯ ನನಗೆ ಹೊಳೆದೇ ಇರಲಿಲ್ಲ, ನಮ್ಮಲ್ಲೂ ಹಾಗೇ ಇದೆ. ಅರ್ಜಿಯಲ್ಲಿ ಆ ಹುಡುಗನ ಹೆಸರು ಹಾಕಬೇಕಾ? ಅವನಿಗೆ ತೊಂದರೆ ಆಗೋದು ನನಗಿಷ್ಟ ಇಲ್ಲ.

ಯೂನಿಯನ್ ಕಡೆಯಿಂದ:
ಬೇಡ. ನಿಮಗೆ ಯಾವ್ಯಾವ ಮೆಷಿನ್ ಬರುತ್ತೆ, ಎಷ್ಟು ವರ್ಷದಿಂದ ಹೊಸಬರಿಗೆ ಕಲಿಸ್ತಿದ್ದೀರಿ, ಪಿ.ಎಂ. ಯಾವತ್ತು ಏನಂದರು, ಇಷ್ಟು ಬರೆಯಿರಿ. ಮುಂದೆ ಖಾಲಿಯಾಗೋ ಸೂಪರ್‌ವೈಸರ್ ಜಾಗಕ್ಕೆ ನನ್ನನ್ನು ಪರಿಗಣಿಸಿ, ಅಲ್ಲಿಯವರೆಗೆ ಟ್ರೈನಿಂಗ್ ಕೊಡಿ ಅಂತ ಕೇಳಿ. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.