"ಭಾಷಣಕಾರರಿಗೆ ಆಹ್ವಾನ" ಅಂದ್ರೆ ಕರೆದ ಹಾಗಾ, ಕೇಳಿದ ಹಾಗಾ?

ಬಳಗದ ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಶಬ್ದದ ಹಿಂದೆ ಬಿದ್ದಿದ್ದೇನೆ, ಸರಿಯಾದ್ದು ಸಿಗ್ತಾ ಇಲ್ಲ, ನಿಮ್ಮ ಅಭಿಪ್ರಾಯ ಬೇಕಿತ್ತು. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಮಂಗಳೂರಲ್ಲಿ ನಾವು ಕೆಲವರು ಸೇರಿ ಒಂದು ದಿನದ ಹ್ಯಾಕಿಂಗ್ ಕಾನ್ಫರೆನ್ಸ್ (ಕಂಪ್ಯೂಟರ್, ವೆಬ್‌ಸೈಟುಗಳ ದೋಷ ಕಂಡುಹಿಡಿಯುವವರು ಸೇರಿ ಮಾತಾಡುವಂಥದ್ದು) ಮಾಡುವ ಅಂತ ಹೊರಟಿದ್ದೇವೆ, ಹೆಚ್ಚಿನವರು ಇಂಜಿನಿಯರಿಂಗ್ ಓದುವ ಮಕ್ಕಳು, ನಾಲ್ಕೈದು ಜನ ನನ್ನ ಹಾಗೆ ಕೆಲಸದಲ್ಲಿರುವವರು. ಹಣ ಇಲ್ಲ, ಹಾಲ್ ಒಬ್ಬರು ಬಿಟ್ಟುಕೊಟ್ಟಿದ್ದಾರೆ. ನಾನು ಹಟ ಹಿಡಿದದ್ದು ಒಂದೇ, ಪ್ರಕಟಣೆ ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರ್ಬೇಕು, ವಿಷಯ ಕನ್ನಡದಲ್ಲಿ ಹೇಳ್ಲಿಕ್ಕೆ ಇಷ್ಟ ಇರುವವರಿಗೂ ಜಾಗ ಬೇಕು ಅಂತ. ಹಾಗಾದ್ರೆ ನೀನೇ ಬರಿ ಅಂದ್ರು. ಬರೀಲಿಕ್ಕೆ ಕೂತಾಗ ತಲೆಬರಹದಲ್ಲೇ ಸಿಕ್ಕಿಬಿದ್ದೆ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳ್ತೇನೆ. ಲಾಸ್ ವೇಗಸ್‌ನಲ್ಲಿ 1993ರಿಂದ ನಡೀತಿರುವ ಡೆಫ್‌ಕಾನ್, 1997ರಲ್ಲಿ ಶುರುವಾದ ಬ್ಲ್ಯಾಕ್ ಹ್ಯಾಟ್, ನಮಗೆ ಹತ್ತಿರ ಅಂದ್ರೆ ಗೋವಾದಲ್ಲಿ 2010ರಲ್ಲಿ ಶುರುವಾದ ನಲ್‌ಕಾನ್, ಈ ಹ್ಯಾಕಿಂಗ್ ಕಾನ್ಫರೆನ್ಸುಗಳೆಲ್ಲ ಕಾರ್ಯಕ್ರಮಕ್ಕೆ ಕೆಲವು ತಿಂಗಳ ಮೊದಲೇ ಒಂದು ಪ್ರಕಟಣೆ ಹೊರಡಿಸ್ತಾವೆ, ಅದಕ್ಕೆ ಕಾಲ್ ಫಾರ್ ಪೇಪರ್ಸ್ ಅಂತ ಹೆಸರು, ಬಾಯಲ್ಲಿ ಎಲ್ಲರೂ ಸಿಎಫ್‌ಪಿ ಅಂತಾರೆ. ಯಾರು ಬೇಕಾದ್ರೂ ನಾನು ಇಂಥದ್ದು ಕಂಡುಹಿಡಿದಿದ್ದೇನೆ, ಇದರ ಬಗ್ಗೆ ಹೇಳ್ಬೇಕು ಅಂತ ಬರೆದು ಕಳಿಸಬಹುದು. ಒಂದು ತಂಡ ಕೂತು ಎಲ್ಲವನ್ನೂ ಓದಿ ಕೆಲವನ್ನು ಆರಿಸ್ತದೆ, ಉಳಿದದ್ದಕ್ಕೆ ಈ ಸಲ ಆಗಲಿಲ್ಲ ಅಂತ ಉತ್ತರ ಹೋಗ್ತದೆ. ಪೇಪರ್ ಅನ್ನುವ ಶಬ್ದ ವಿಶ್ವವಿದ್ಯಾಲಯಗಳ ಕಡೆಯಿಂದ ಬಂದು ಹಾಗೇ ಉಳಿದದ್ದು, ಇಲ್ಲಿ ಮುಖ್ಯ ಆಗುವುದು ವೇದಿಕೆಯಲ್ಲಿ ಹೇಳುವ ಮಾತು ಮತ್ತು ತೋರಿಸುವ ಕೆಲಸ. ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು 1984ರಿಂದ ಕಾಂಗ್ರೆಸ್ ಅನ್ನುವ ಹೆಸರಲ್ಲಿ ಹ್ಯಾಕರ್‌ಗಳ ಕೂಟ ಮಾಡ್ತಾರೆ, ಅವರು ಪೇಪರ್ ಬಿಟ್ಟು ಕಾಲ್ ಫಾರ್ ಪಾರ್ಟಿಸಿಪೇಶನ್ ಅಂತಾರೆ. ಹಾಗಾಗಿ ನಾವು "ಪ್ರಬಂಧಗಳಿಗೆ ಆಹ್ವಾನ" ಅಂತ ಅನುವಾದ ಮಾಡಿದ್ರೆ ತಪ್ಪು ಅಂತ ನನ್ನ ಅಭಿಪ್ರಾಯ, ಪ್ರಬಂಧ ಅಂದ ಕೂಡ್ಲೇ ನಮ್ಮ ಮಕ್ಕಳಿಗೆ ಶಾಲೆಯ ಪ್ರಬಂಧ ಸ್ಪರ್ಧೆ ನೆನಪಾಗ್ತದೆ.

ಅದಕ್ಕೇ ಮೊದಲ ಕರಡಿನಲ್ಲಿ "ಹ್ಯಾಕಿಂಗ್ ಸಮ್ಮೇಳನ: ಭಾಷಣಕಾರರಿಗೆ ಆಹ್ವಾನ" ಅಂತ ಹಾಕಿದೆ. ಕೆಳಗೆ ಏನೇನು ಬರೆದು ಕಳಿಸಬೇಕು, ಹೇಗೆ ಆರಿಸ್ತೇವೆ ಎಲ್ಲ ಇತ್ತು. ಉಡುಪಿಯಲ್ಲಿ ನನಗೆ ಹೈಸ್ಕೂಲಲ್ಲಿ ಕನ್ನಡ ಕಲಿಸಿದ ಮಾಷ್ಟ್ರು ಇದ್ದಾರೆ, ತಿದ್ದಿ ಕೊಡಿ ಸರ್ ಅಂತ ವಾಟ್ಸಾಪಿನಲ್ಲಿ ಕಳಿಸಿದೆ. ಅವರಿಂದ ಬಂದ ಉತ್ತರ, "ನೆನಪಿಟ್ಟು ಕರೆದದ್ದು ಬಹಳ ಸಂತೋಷ ಮಗಾ, ಖಂಡಿತ ಬರ್ತೇನೆ, ಆದರೆ ಆ ವಿಷಯದಲ್ಲಿ ನಾನು ಎಂತ ಮಾತಾಡುದು?" ತಲೆಬರಹ ಓದಿದ್ದಾರೆ, ತನ್ನನ್ನು ಭಾಷಣಕ್ಕೆ ಕರೆದಿದ್ದಾರೆ ಅಂತ ತಿಳ್ಕೊಂಡಿದ್ದಾರೆ. ತಪ್ಪು ಅವರದ್ದಲ್ಲ. ನಮ್ಮೂರಲ್ಲಿ ಆಹ್ವಾನ ಬಂತು ಅಂದ್ರೆ ಆಯ್ಕೆ ಆಗಿ ಮುಗಿದಿದೆ, ಹೆಸರು ಪತ್ರಿಕೆಯಲ್ಲಿ ಅಚ್ಚಾಗ್ತದೆ, ಬರುವುದಷ್ಟೇ ಬಾಕಿ.

ಅದನ್ನು ಸುಲಭದಲ್ಲಿ ಸರಿ ಮಾಡಬಹುದಿತ್ತು. ಮನಸ್ಸಿಗೆ ಚುಚ್ಚಿದ್ದು ಎರಡನೇದು. ಕುಂದಾಪುರ ಕಡೆಯ ಒಬ್ಬಳು ಹುಡುಗಿ, ಡಿಗ್ರಿ ಎರಡನೇ ವರ್ಷ, ಒಂದು ವೆಬ್‌ಸೈಟಿನಲ್ಲಿ ವಿಳಾಸದ ಕೊನೆಯಲ್ಲಿರುವ ನಂಬರನ್ನು ಒಂದು ಹೆಚ್ಚು ಮಾಡಿದ್ರೆ ಇನ್ನೊಬ್ಬರ ಅಂಕಪಟ್ಟಿ ಕಾಣ್ತದೆ ಅಂತ ಕಂಡುಹಿಡಿದಿದ್ದಳು, ಯಾರದ್ದೂ ಡೌನ್‌ಲೋಡ್ ಮಾಡ್ಲಿಲ್ಲ, ನೇರ ಅವರಿಗೆ ಬರೆದು ತಿಳಿಸಿದ್ದಾಳೆ, ಅವರು ಸರಿಪಡಿಸಿಯೂ ಆಯ್ತು. ಇಂಥವರಿಗೇ ಈ ಕಾರ್ಯಕ್ರಮ. ಅವಳು ಏನೂ ಕಳಿಸಲಿಲ್ಲ. ಯಾಕೆ ಅಂತ ಕೇಳಿದ್ರೆ, "ಅಣ್ಣ, ಅದು ಭಾಷಣಕಾರರಿಗೆ ಅಲ್ವಾ, ನಂಗೆ ಆಹ್ವಾನ ಬರ್ಲಿಲ್ಲ" ಅಂದ್ಲು. ಒಂದೇ ವಾಕ್ಯ ಕರೆಯದವರನ್ನು ಕರೆದಿದೆ, ಕರೆಯಬೇಕಾದವಳನ್ನು ಹೊರಗೆ ನಿಲ್ಲಿಸಿದೆ. ಅವತ್ತಿನಿಂದ ಈ ಶಬ್ದ ಬಿಡ್ಲಿಕ್ಕೆ ಆಗ್ತಿಲ್ಲ.

ನಾನು ಯೋಚನೆ ಮಾಡಿದ್ದು ಹೀಗೆ. ಕನ್ನಡ ಪತ್ರಿಕೆಗಳಲ್ಲಿ ದಿನಾ ಕಾಣುವ "ಅರ್ಜಿ ಆಹ್ವಾನ", "ಟೆಂಡರ್ ಆಹ್ವಾನ", "ಕವನಗಳ ಆಹ್ವಾನ" ನೋಡಿ, ಯಾರಿಗೂ ಗೊಂದಲ ಆಗುದಿಲ್ಲ, ಅರ್ಜಿ ಹಾಕಿದ ಕೂಡ್ಲೇ ಕೆಲಸ ಸಿಕ್ಕಿತು ಅಂತ ಯಾರೂ ತಿಳ್ಕೊಳ್ಳುದಿಲ್ಲ. ಅಲ್ಲಿ ಆಹ್ವಾನ ವಸ್ತುವಿಗೆ. ಅದೇ ಮನುಷ್ಯರಿಗೆ "-ಇಗೆ" ಹಚ್ಚಿ "ಅತಿಥಿಗಳಿಗೆ ಆಹ್ವಾನ", "ಬಂಧುಗಳಿಗೆ ಆಹ್ವಾನ" ಅಂದ್ರೆ ಅದು ಮರ್ಯಾದೆಯ ಕರೆ, ಯಾರು ಅಂತ ಮೊದಲೇ ಗೊತ್ತಿರುವವರಿಗೆ ಹೋಗುವಂಥದ್ದು. ಹಾಗಾದ್ರೆ "ಭಾಷಣಕಾರರ ಆಹ್ವಾನ" ಅನ್ನುವನಾ ಅಂದ್ರೆ ಭಾಷಣಕಾರರೇ ಇನ್ಯಾರನ್ನೋ ಕರೆದ ಹಾಗೆ ಕೇಳ್ತದೆ. "ಭಾಷಣಕಾರರು ಬೇಕಾಗಿದ್ದಾರೆ" ಅಂದ್ರೆ ಡ್ರೈವರ್ ಬೇಕಾಗಿದ್ದಾರೆ ಅನ್ನುವ ಬೋರ್ಡಿನ ಹಾಗೆ, ಸಂಬಳ ಎಷ್ಟು ಅಂತ ಕೇಳ್ತಾರೆ. ಒಟ್ಟಿನಲ್ಲಿ ನಾವು ಕರೆಯಬೇಕಾದ್ದು ಜನರನ್ನಲ್ಲ, ವಿಷಯವನ್ನು. ಇದು ಸರಿಯಾ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ.

ಆಹ್ವಾನವನ್ನೇ ಬಿಟ್ಟು ಬೇರೆ ಶಬ್ದ ಹುಡುಕಿಯೂ ನೋಡಿದೆ. "ಕರೆ" ಚಿಕ್ಕದು, ಚಂದ ಉಂಟು, ಆದರೆ ಪತ್ರಿಕೆಯಲ್ಲಿ "ಬಂದ್‌ಗೆ ಕರೆ", "ಹೋರಾಟಕ್ಕೆ ಕರೆ" ಓದಿ ಓದಿ ಅದಕ್ಕೆ ಘೋಷಣೆಯ ಧ್ವನಿ ಬಂದುಬಿಟ್ಟಿದೆ, ಅದೂ ಅಲ್ಲದೆ ನಮ್ಮ ಕಡೆ ಕರೆ ಅಂದ್ರೆ ಕಂಬಳದ ಕೋಣ ಓಡುವ ಕರೆ, ಜೋಡುಕರೆ ಅಂತ ಹೇಳುದಿಲ್ವಾ, ಅದೂ ಮನಸ್ಸಿಗೆ ಬರ್ತದೆ. "ಹೇಳಿಕೆ" ಅಂತ ನಮ್ಮ ಮನೆಯಲ್ಲಿ ಮದುವೆ ಉಪನಯನಕ್ಕೆ ಕರೆಯುವುದಕ್ಕೆ ಹೇಳ್ತೇವೆ, "ಅವರಿಗೆ ಹೇಳಿಕೆ ಆಯ್ತಾ?" ಅಂತ ಕೇಳುದು, ನನಗೆ ತುಂಬ ಇಷ್ಟದ ಶಬ್ದ, ಆದರೆ ಘಟ್ಟದ ಮೇಲಿನವರು ಅದನ್ನು ಮಂತ್ರಿಗಳ ಹೇಳಿಕೆ ಅಂತ ಓದ್ತಾರೆ. ತುಳುವಿನ "ಲೆಪ್ಪೋಲೆ", ಕನ್ನಡದ "ಕರೆಯೋಲೆ" ಎರಡೂ ಕೇಳ್ಲಿಕ್ಕೆ ಇಂಪು, ಆದರೆ ಎರಡಕ್ಕೂ ಅದೇ ತೊಂದರೆ, ಓಲೆ ಕೈಗೆ ಬಂದವನು ಅತಿಥಿ.

ಭಾಷಣಕಾರ ಅನ್ನುವುದೂ ಸರಿ ಕಾಣ್ತಿಲ್ಲ. ಭಾಷಣ ಅಂದ್ರೆ ಮೈಕ್, ಹಾರ, ಸಭಾಧ್ಯಕ್ಷರು. ಉಪನ್ಯಾಸಕ ಅಂದ್ರೆ ಕಾಲೇಜಿನ ಹುದ್ದೆ, ವಕ್ತಾರ ಅಂದ್ರೆ ಪಕ್ಷದವರು, ಕಾರ್ಯಾಗಾರಗಳಲ್ಲಿ ಬರುವ "ಸಂಪನ್ಮೂಲ ವ್ಯಕ್ತಿ"ಯನ್ನು ನಾನಂತೂ ಬರೆಯುವುದಿಲ್ಲ. ನಮ್ಮ ತಂಡದ ಒಬ್ಬ ತಾಳಮದ್ದಳೆ ಹುಚ್ಚಿನವ, "ಅರ್ಥಧಾರಿ" ಹಾಕುವ ಅಂದ. ವೇಷ ಇಲ್ಲದೆ ಕೂತು, ಪದ್ಯದ ಮೇಲೆ ಅಲ್ಲೇ ಮಾತು ಕಟ್ಟುವವರಿಗೆ ಇರುವ ಹೆಸರು ಅದು, ಆ ಕೂಟದ ಶಬ್ದವನ್ನು ಅಲ್ಲಿಯೇ ಬಿಡುವುದು ಒಳ್ಳೆಯದು ಅಂತ ನನಗೆ ಅನ್ನಿಸಿತು. ಆದರೆ ಆ ಕಡೆಯಿಂದ ಒಂದು ಶಬ್ದ ಮಾತ್ರ ಸಂತೋಷದಿಂದ ತಗೊಂಡಿದ್ದೇನೆ, ಪ್ರಾತ್ಯಕ್ಷಿಕೆ. ಯಕ್ಷಗಾನ ಪ್ರಾತ್ಯಕ್ಷಿಕೆ, ಕಸಿ ಕಟ್ಟುವ ಪ್ರಾತ್ಯಕ್ಷಿಕೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಡೆಮೊ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ್ದು ಸಿಗ್ಲಿಕ್ಕಿಲ್ಲ. 2010ರ ಬ್ಲ್ಯಾಕ್ ಹ್ಯಾಟ್‌ನಲ್ಲಿ ಬಾರ್ನಬಿ ಜ್ಯಾಕ್ ಅನ್ನುವ ಹ್ಯಾಕರ್ ವೇದಿಕೆಗೆ ಎಟಿಎಂ ಯಂತ್ರವನ್ನೇ ತರಿಸಿ ಅದು ತನ್ನಷ್ಟಕ್ಕೆ ನೋಟು ಉಗುಳುವ ಹಾಗೆ ಮಾಡಿ ತೋರಿಸಿದರಲ್ಲ, ಅದು ಪ್ರಾತ್ಯಕ್ಷಿಕೆ.

ಈಗ "ಹ್ಯಾಕರ್". ಇದನ್ನು ಅನುವಾದ ಮಾಡಲೇಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ, ಆದರೂ ಕೇಳ್ತೇನೆ. ಪತ್ರಿಕೆಗಳ "ಬ್ಯಾಂಕ್ ಖಾತೆಗೆ ಕನ್ನ" ಅನ್ನುವ ತಲೆಬರಹ ನೋಡಿ ಒಬ್ಬರು "ಕನ್ನಗಾರ" ಅಂತ ಸೂಚಿಸಿದ್ರು. ಕನ್ನ ಅಂದ್ರೆ ಕಳ್ಳ ಗೋಡೆಗೆ ಕೊರೆದ ತೂತು. ಹ್ಯಾಕ್ ಶಬ್ದ ಈ ಅರ್ಥದಲ್ಲಿ ಬೆಳೆದದ್ದು ಅಮೆರಿಕದ ಎಂಐಟಿಯ ಆಟಿಕೆ ರೈಲು ಕ್ಲಬ್ಬಿನ ಹುಡುಗರ ಮಧ್ಯೆ, ಯಂತ್ರದ ಒಳಗನ್ನು ಬಿಚ್ಚಿ ನೋಡಿ ಜಾಣತನದಿಂದ ಏನಾದ್ರೂ ಮಾಡುವುದಕ್ಕೆ ಅವರು ಹಾಗೆ ಹೇಳ್ತಿದ್ರು, ಕಳ್ಳತನದ ಅರ್ಥ ಆಮೇಲೆ ಬಂದು ಸೇರಿದ್ದು. ನಮ್ಮ ಕಾನೂನಿನಲ್ಲೂ ಇದು ಆಗಿದೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ನಿನ ತಲೆಬರಹದಲ್ಲೇ ಹ್ಯಾಕಿಂಗ್ ಅಂತ ಇತ್ತು, ಅಂದ್ರೆ ಶಬ್ದವೇ ಅಪರಾಧದ ಹೆಸರು. 2008ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ಕಂಪ್ಯೂಟರ್ ಸಂಬಂಧಿತ ಅಪರಾಧಗಳು ಅಂತ ಮಾಡಿದ್ರು, 2009ರ ಅಕ್ಟೋಬರ್ 27ರಿಂದ ಅದು ಜಾರಿ. ಅನುಮತಿ ಇಲ್ಲದೆ ಒಳಗೆ ಹೋಗುವುದು ಈಗಲೂ ತಪ್ಪೇ, ಅದನ್ನು ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇವೆ. ಆದರೆ ಕಾನೂನೇ ಕೈಬಿಟ್ಟ ಕಳಂಕವನ್ನು ನಾವು ಕನ್ನಡದ ಶಬ್ದ ಹುಡುಕಿ ಮತ್ತೆ ಅಂಟಿಸುವುದು ಬೇಡ.

ಒಳ್ಳೆಯ ಉದ್ದೇಶದಿಂದ ದೋಷ ಹುಡುಕುವವರಿಗೆ ಹೇಳುವ ಎಥಿಕಲ್ ಹ್ಯಾಕರ್, ವೈಟ್ ಹ್ಯಾಟ್ ಅನ್ನುವುದನ್ನು "ಬಿಳಿ ಟೋಪಿ" ಮಾಡಿದ ಒಂದು ಅನುವಾದವೂ ಕಣ್ಣಿಗೆ ಬಿತ್ತು. ಹಳೇ ಕೌಬಾಯ್ ಸಿನಿಮಾಗಳಲ್ಲಿ ಒಳ್ಳೆಯವನಿಗೆ ಬಿಳಿ ಹ್ಯಾಟ್, ಕೆಟ್ಟವನಿಗೆ ಕಪ್ಪು, ಅಲ್ಲಿಂದ ಬಂದದ್ದು ಅದು. ಕನ್ನಡದಲ್ಲಿ ಟೋಪಿ ಹಾಕುವುದು ಅಂದ್ರೆ ಮೋಸ ಮಾಡುವುದು, ಯಾವ ಬಣ್ಣದ್ದಾದರೂ. ಅದನ್ನು ಬಿಟ್ಟೆ.

ವಲ್ನರೆಬಿಲಿಟಿ, ಅಂದ್ರೆ ಹೊರಗಿನವರು ಒಳಗೆ ನುಗ್ಗಲಿಕ್ಕೆ ದಾರಿಯಾಗುವ ದೋಷ, ಅದಕ್ಕೆ "ದೌರ್ಬಲ್ಯ" ಬದಲು "ಕಂಡಿ" ಹಾಕಿದ್ದೇನೆ. ಬೇಲಿಯಲ್ಲಿ ಕಂಡಿ, ಗದ್ದೆಯ ಕಟ್ಟದಲ್ಲಿ ಕಂಡಿ, ದನ ನುಗ್ಗುವುದೂ ನೀರು ಸೋರುವುದೂ ಅಲ್ಲೇ. ಬೆಂಗಳೂರು, ಧಾರವಾಡದ ಕಡೆಯವರಿಗೆ ಇದು ಕೂಡ್ಲೇ ಅರ್ಥ ಆಗ್ತದಾ? ಇದಕ್ಕೆ ಖಂಡಿತ ಉತ್ತರ ಬೇಕು.

ಕೊನೆಯದು, ನನಗೆ ಅತಿ ಮುಖ್ಯ ಅನ್ನಿಸಿದ್ದು. ವಿಷಯ ಕಳಿಸುವವರು ತುಂಬುವ ಫಾರ್ಮಿನಲ್ಲಿ ಒಂದು ಪ್ರಶ್ನೆ ಉಂಟು, ನೀವು ಕಂಡುಹಿಡಿದದ್ದನ್ನು ಡಿಸ್‌ಕ್ಲೋಸ್ ಮಾಡಿದ್ದೀರಾ ಅಂತ. ಡಿಕ್ಷನರಿ ನೋಡಿ "ಬಹಿರಂಗಪಡಿಸಿದ್ದೀರಾ?" ಅಂತ ಬರೆದಿದ್ದೆ. ಆಮೇಲೆ ಮೈ ಜುಂ ಅಂತು. ಇಂಗ್ಲಿಷಿನ ಆ ಒಂದು ಶಬ್ದದ ಒಳಗೆ ಎರಡು ಕೆಲಸ ಉಂಟು, ಕಂಪನಿಯವರಿಗೆ ಗುಟ್ಟಿನಲ್ಲಿ ಹೇಳುವುದು ಒಂದು, ಊರಿಗೆಲ್ಲ ಹೇಳುವುದು ಇನ್ನೊಂದು. ನಾವು ಕೇಳ್ತಿರುವುದು ಮೊದಲನೇದನ್ನು, ನನ್ನ ಕನ್ನಡ ಕೇಳ್ತಿದ್ದದ್ದು ಎರಡನೇದನ್ನು. ಗೂಗಲ್‌ನ ಪ್ರಾಜೆಕ್ಟ್ ಝೀರೋ ಅನ್ನುವ, ಸಾಫ್ಟ್‌ವೇರಿನ ಕಂಡಿ ಹುಡುಕುವ ತಂಡದವರು ಮೊದಲು ಕಂಪನಿಗೆ ತಿಳಿಸಿ 90 ದಿನ ಸಮಯ ಕೊಟ್ಟು ಆಮೇಲೆ ಪ್ರಕಟಿಸುವ ಕ್ರಮ ಇಟ್ಟುಕೊಂಡಿದ್ದಾರೆ, ಈ ಮಧ್ಯದ ಅವಧಿಯೇ ಎಲ್ಲ. ಹೊಸಬ ಹುಡುಗ ಒಬ್ಬ ಬಹಿರಂಗಪಡಿಸಿದ್ದೀರಾ ಅಂತ ಓದಿ, ಓಹೋ ಪಡಿಸಬೇಕಿತ್ತಾ ಅಂತ ಸರಿಪಡಿಸದ ಕಂಡಿಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ರೆ ಜನರಿಗೂ ಹಾನಿ, ಅವನ ಮೇಲೂ ಕೇಸು. ಕನ್ನಡದಲ್ಲಿ "ತಿಳಿಸು" ಬೇರೆ, "ಬಹಿರಂಗಪಡಿಸು" ಬೇರೆ, ಇಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಸ್ಪಷ್ಟ ಉಂಟು, ಅದನ್ನು ಬಳಸದೆ ಬಿಟ್ಟದ್ದು ನನ್ನ ತಪ್ಪು. ಈಗ ಎರಡು ಪ್ರಶ್ನೆ ಮಾಡಿದ್ದೇನೆ: "ಸಂಬಂಧಪಟ್ಟವರಿಗೆ ತಿಳಿಸಿದ್ದೀರಾ? ಅವರು ಸರಿಪಡಿಸಿದ್ದಾರಾ?"

ಈಗಿನ ಕರಡು ಹೀಗುಂಟು:

"ಹ್ಯಾಕಿಂಗ್ ಕೂಟ, ಮಂಗಳೂರು. ಮಂಡನೆಗೆ ವಿಷಯಗಳ ಆಹ್ವಾನ. ಕಂಪ್ಯೂಟರ್, ಮೊಬೈಲ್, ವೆಬ್‌ಸೈಟ್ ಯಾವುದರಲ್ಲೇ ಆಗಲಿ ನೀವು ಕಂಡುಹಿಡಿದ ಕಂಡಿ, ನೀವು ಮಾಡಿದ ಟೂಲ್, ಕಲಿತ ಪಾಠ ಇದ್ದರೆ ಒಂದು ಪುಟದಲ್ಲಿ ಬರೆದು ಕಳಿಸಿ. ಯಾರು ಬೇಕಾದರೂ ಕಳಿಸಬಹುದು, ಮೊದಲ ಸಲ ಮಾತಾಡುವವರೂ. ಬಂದದ್ದನ್ನೆಲ್ಲ ಓದಿ ಕೆಲವನ್ನು ಆರಿಸುತ್ತೇವೆ. ಆಯ್ಕೆಯಾದವರಿಗೆ 20 ನಿಮಿಷ, ಪ್ರಾತ್ಯಕ್ಷಿಕೆ ಇದ್ದರೆ 40."

"ಸಮ್ಮೇಳನ" ತೆಗೆದು "ಕೂಟ" ಮಾಡಿದ್ದೇನೆ, ನಮ್ಮ ಗಾತ್ರಕ್ಕೆ ಅದೇ ಸರಿ. "ವಿಷಯಗಳ ಆಹ್ವಾನ"ವಾ "ವಿಷಯ ಆಹ್ವಾನ"ವಾ ಅಂತ ಇನ್ನೂ ಮನಸ್ಸು ಗಟ್ಟಿ ಮಾಡ್ಲಿಲ್ಲ, ಎರಡನೆಯದು ಪತ್ರಿಕೆಯ "ಅರ್ಜಿ ಆಹ್ವಾನ"ದ ಜಾಡಿನಲ್ಲಿ ಉಂಟು, ಆದರೆ ಬರಿದೇ "ವಿಷಯ" ಅಂದಾಗ ವಾಕ್ಯ ಅರ್ಧಕ್ಕೆ ನಿಂತ ಹಾಗೆ ನನ್ನ ಕಿವಿಗೆ ಕೇಳ್ತದೆ. ನಿಮ್ಮ ಕಿವಿಗೆ ಹೇಗೆ? ಆದಿತ್ಯವಾರದ ಒಳಗೆ ಬರೆದ್ರೆ ಒಳ್ಳೇದು, ಸೋಮವಾರ ಪ್ರಿಂಟಿಗೆ ಕೊಡ್ಲಿಕ್ಕುಂಟು, ಮೊದಲ ಪ್ರತಿ ಕುಂದಾಪುರಕ್ಕೆ ಕಳಿಸ್ತೇನೆ ಅಂತ ಆ ಹುಡುಗಿಗೆ ಹೇಳಿಯಾಗಿದೆ.