ಡೆಡ್‌ಲಿಫ್ಟ್‌ನಲ್ಲಿ ಬೆನ್ನಿಗಿಂತ ಮೊದಲು ಕೈ ಸೋಲ್ತಿದೆ, ಯಾವ ಸ್ಟ್ರ್ಯಾಪ್ ತಗೊಳ್ಳಲಿ?

ತುಂಗಾತೀರ_36

ನಮಸ್ಕಾರ. ವಯಸ್ಸು 36, ಊರು ಶಿವಮೊಗ್ಗ, ಬ್ಯಾಂಕಲ್ಲಿ ಕ್ಯಾಶ್ ಕೌಂಟರ್. ಎರಡು ವರ್ಷದಿಂದ ಬೆಳಗ್ಗೆ ಐದೂವರೆಗೆ ಜಿಮ್. ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ನೆಟ್ಟಗೆ ನಿಲ್ಲೋ ತನಕ ಎತ್ತೋದು) 100 ಕೆಜಿ ತನಕ ಆರಾಮಾಗಿ ಐದು ರೆಪ್, ಅಂದರೆ ಸಾಲಾಗಿ ಐದು ಸಲ, ಬರುತ್ತೆ. 110 ಹಾಕಿದರೆ ಮೂರನೇ ರೆಪ್‌ಗೆ ಬಲಗೈ ಬಿಚ್ಚೋಕೆ ಶುರು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಆಮೇಲೆ ಬಾರ್ ಬೆರಳ ತುದೀಲಿ ನೇತಾಡುತ್ತೆ. ಬೆನ್ನು, ತೊಡೆ ಎರಡಕ್ಕೂ ಇನ್ನೂ ಎರಡು ರೆಪ್ ತಾಕತ್ತು ಇರುತ್ತೆ. ಹೋದ ವಾರ ಬಲಗಡೆ ಜಾರಿ ಪ್ಲೇಟ್ ನೆಲಕ್ಕೆ ಬಡಿದು ಒಂದು ಟೈಲ್ಸ್ ಹೋಯ್ತು. ಮಾಲೀಕರು ಏನೂ ಅನ್ನಲಿಲ್ಲ, ಆದರೆ ಈಗ ದಿನಾ ಆ ಟೈಲ್ಸ್ ಮೇಲೇ ನಿಂತು ನನ್ನ ಹತ್ರ ಮಾತಾಡ್ತಾರೆ.

ಅಂಗಡಿಗೆ ಹೋಗಿ "ಸ್ಟ್ರ್ಯಾಪ್ ಕೊಡಿ" ಅಂದೆ. ಕೊಟ್ಟಿದ್ದು ಅಗಲವಾದ ಎಲಾಸ್ಟಿಕ್ ಪಟ್ಟಿ, ಒಂದು ತುದೀಲಿ ವೆಲ್ಕ್ರೋ, ಹೆಬ್ಬೆರಳಿಗೆ ಸಿಕ್ಕಿಸೋಕೆ ಒಂದು ಕುಣಿಕೆ. ಬಿಗಿಯಾಗಿ ಸುತ್ತಿಕೊಂಡು ಎತ್ತಿದೆ, ಕೈ ಮೊದಲಿನ ಹಾಗೇ ಜಾರಿತು. ಅದು ರಿಸ್ಟ್ ರ‍್ಯಾಪ್ ಅಂತೆ, ಬೆಂಚ್ ಪ್ರೆಸ್ ಮಾಡುವಾಗ ಮಣಿಕಟ್ಟು ಬಾಗದೆ ಇರೋದಕ್ಕೆ. ಆಮೇಲೆ ಆನ್‌ಲೈನಲ್ಲಿ 299 ರೂಪಾಯಿಗೆ ನಿಜವಾದ ಸ್ಟ್ರ್ಯಾಪ್, ಅಂದರೆ ಮಣಿಕಟ್ಟಿಗೆ ಹಾಕಿ ಬಾಲವನ್ನ ಬಾರ್‌ಗೆ ಸುತ್ತೋ ಪಟ್ಟಿ, ನೈಲಾನ್‌ದು ತರಿಸಿದೆ. ಬಾರ್‌ಗೆ ಮೂರು ಸುತ್ತು ಸುತ್ತಿದರೂ ಎತ್ತುವಾಗ ತಾನಾಗೇ ಬಿಚ್ಚಿಕೊಳ್ಳುತ್ತೆ.

ಹತ್ತಿ, ನೈಲಾನ್, ಚರ್ಮ, ಇದರಲ್ಲಿ ಯಾವುದು ಒಳ್ಳೇದು? ಇನ್ನೊಂದು, ನಮ್ಮ ಜಿಮ್‌ನ ಸೀನಿಯರ್ ಒಬ್ಬರು "ಸ್ಟ್ರ್ಯಾಪ್ ಹಾಕಿದರೆ ಕೈ ಸೋಮಾರಿ ಆಗುತ್ತೆ, ಒಂದು ಕೈ ಉಲ್ಟಾ ಹಿಡಿ" ಅಂತಾರೆ. ಒಂದು ಸಲ ಅಂಗೈ ಜಡ್ಡು ಕಿತ್ತು ಬಂದು ಮೂರು ದಿನ ನೋಟು ಎಣಿಸೋದೇ ಕಷ್ಟ ಆಗಿತ್ತು. ಇನ್ನು ಹೊಸ ಪ್ರಯೋಗಕ್ಕೆ ಧೈರ್ಯ ಸಾಲ್ತಿಲ್ಲ.

ಹಳೆಕಬ್ಬಿಣ (ಮಂಗಳೂರು)

ಮಾರಾಯ್ರೆ, ನಿಮ್ಮ ಪಟ್ಟಿ ಸರಿ ಉಂಟು, ಸುತ್ತಿದ್ದು ಉಲ್ಟಾ. ನಾನೂ ಮೊದಲ ಆರು ತಿಂಗಳು ಹಾಗೇ ಸುತ್ತಿ, ಪಟ್ಟಿಗೆ ಬೈದುಕೊಂಡು ಇದ್ದವ.

ಬಾರ್ ಹಿಡಿಯುವಾಗ ಬೆರಳು ಎಲ್ಲಿಂದ ಎಲ್ಲಿಗೆ ಹೋಗ್ತದೆ ನೋಡಿ. ಮುಂದಿನಿಂದ ಇಳಿದು, ಅಡಿಯಿಂದ ಬಂದು, ನಿಮ್ಮ ಕಾಲಿನ ಕಡೆ ಮೇಲೇಳ್ತದೆ. ಪಟ್ಟಿ ಅದಕ್ಕೆ ಎದುರು ಹೋಗಬೇಕು. ಕಾಲಿನ ಕಡೆಯಿಂದ ಇಳಿದು, ಬಾರಿನ ಅಡಿಯಿಂದ ಆಚೆ ದಾಟಿ, ಮುಂದಿನಿಂದ ಹತ್ತಿ ಮೇಲೆ ಕೂರಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಬಾರ್ ಉರುಳಿ ಬೆರಳು ಬಿಚ್ಚುವಾಗ ಪಟ್ಟಿಯೂ ಜೊತೆಗೆ ಬಿಚ್ತದೆ. ಎದುರು ಇದ್ದರೆ ಬಾರ್ ಉರುಳಿದಷ್ಟೂ ಪಟ್ಟಿ ಬಿಗಿ ಆಗ್ತದೆ.

ಹಾಕುವ ಕ್ರಮ ಹೇಳ್ತೇನೆ. ಪಟ್ಟಿಯ ಬಾಲವನ್ನು ಕುಣಿಕೆಯೊಳಗೆ ತೂರಿಸಿ ಕೈ ಹಾಕಿ. ಬಾಲ ಅಂಗೈ ಮೇಲಿಂದ ಬಂದು ಹೆಬ್ಬೆರಳು, ತೋರುಬೆರಳಿನ ನಡುವೆ ಇಳಿಯಬೇಕು. ಕಿರುಬೆರಳಿನ ಕಡೆ ಇಳಿದರೆ ಎಡದ್ದು ಬಲಕ್ಕೆ ಹಾಕಿದ್ದೀರಿ ಅಂತ ಅರ್ಥ. ಹೊಲಿಗೆಯ ದಪ್ಪ ಭಾಗ ಚರ್ಮಕ್ಕೆ ತಾಗದ ಹಾಗೆ ಹೊರಗೆ ಇರಲಿ. ಮಣಿಕಟ್ಟಿನ ಮೂಳೆ ಉಬ್ಬಿರ್ತದಲ್ಲ, ಅದರ ಮೇಲೆ ಅಲ್ಲ, ಅದಕ್ಕಿಂತ ಸ್ವಲ್ಪ ಅಂಗೈ ಕಡೆ. ಬಾರಿಗೆ ಒಂದೂವರೆ, ಹೆಚ್ಚೆಂದರೆ ಎರಡು ಸುತ್ತು. ಮೂರು ಸುತ್ತಿದರೆ ಬಾರೇ ದಪ್ಪ ಆಗಿ ಬೆರಳು ಮುಚ್ಚುವುದಿಲ್ಲ. ಸುತ್ತಿದ ಮೇಲೆ ಬೈಕಿನ ಆಕ್ಸಿಲರೇಟರ್ ಕೊಟ್ಟ ಹಾಗೆ ಬಾರನ್ನು ನಿಮ್ಮ ಕಡೆ ತಿರುಗಿಸಿ. ಸಡಿಲ ಇದ್ದದ್ದೆಲ್ಲ ಎಳೆದುಕೊಳ್ತದೆ. ಆಮೇಲೆ ಹೆಬ್ಬೆರಳು ಪಟ್ಟಿ ಮೇಲೆ. ಎಡಗೈಗೆ ಮೊದಲು ಸುತ್ತಿದರೆ ಬಲಗೈಗೆ ಸುತ್ತುವಾಗ ಸಹಾಯಕ್ಕೆ ಕೈ ಇಲ್ಲ, ಬೆರಳಲ್ಲೇ ಉರುಳಿಸಬೇಕು. ಮನೆಯಲ್ಲಿ ಪೊರಕೆ ಕೋಲಿಗೆ ಹತ್ತು ಸಲ ಸುತ್ತಿ ನೋಡಿ, ಜಿಮ್ಮಿನಲ್ಲಿ ಮರ್ಯಾದೆ ಉಳೀತದೆ.

ಇನ್ನು ಯಾವುದು ಅಂತ. ನೈಲಾನ್ ತೆಳು, ಬಾಳಿಕೆ ಬರ್ತದೆ, ಆದರೆ ಹೊಸದರಲ್ಲಿ ಜಾರ್ತದೆ, ಅಂಚು ಮಣಿಕಟ್ಟನ್ನು ಕೊಯ್ತದೆ. ಚರ್ಮದ್ದು ಪಳಗಲಿಕ್ಕೆ ಸಮಯ ಬೇಕು, ಮತ್ತೆ ನಮ್ಮ ಕಡೆ ಮಳೆಗಾಲದಲ್ಲಿ ಬ್ಯಾಗಿನಲ್ಲಿ ಬಿಟ್ಟರೆ ನಾಲ್ಕೇ ದಿನಕ್ಕೆ ಬೂಸ್ಟು. ನಿಮ್ಮ ಮಲೆನಾಡೂ ಹೆಚ್ಚುಕಮ್ಮಿ ಅದೇ ಕಥೆ. ನಾನು ಹತ್ತಿ ಪಕ್ಷ. ಬೆವರು ಹೀರ್ತದೆ, ಕಚ್ಚಿ ಹಿಡೀತದೆ, ಬಟ್ಟೆ ಜೊತೆ ಒಗೆಯಬಹುದು. ನನ್ನದು ಅಂಗಡಿಯದ್ದೂ ಅಲ್ಲ. ಒಂದೂವರೆ ಇಂಚಿನ ಗಟ್ಟಿ ನವಾರು ಪಟ್ಟಿ ತಗೊಂಡು ಬ್ಯಾಗ್ ರಿಪೇರಿಯವರ ಹತ್ತಿರ ಹೊಲಿಸಿದ್ದು. ಒಂದು ತುದಿ ಮಡಚಿ ಚೌಕ ಹೊಲಿಗೆ, ಅದರೊಳಗೆ ಕತ್ತರಿ ಹೊಲಿಗೆ. ಅವರು "ಇದು ಎಂತ, ನಾಯಿಗಾ?" ಅಂತ ಕೇಳಿದ್ರು.

ಪಟ್ಟಿಗೆ ಮೊದಲು ಇನ್ನೊಂದು ಕೆಲಸ ಉಂಟು. ಜಡ್ಡು ಕಿತ್ತು ಬರುವುದು ಬಾರನ್ನು ಅಂಗೈ ನಡುವೆ ಹಿಡಿಯುವುದರಿಂದ. ಎತ್ತಿದ ಕೂಡಲೇ ಅದು ಚರ್ಮವನ್ನು ಮಡಚಿಕೊಂಡು ಬೆರಳಿನ ಬುಡಕ್ಕೆ ಇಳೀತದೆ. ಸುರುವಿಗೇ ಬುಡದಲ್ಲಿ ಹಿಡೀರಿ. ಮತ್ತೆ ಕೈ ಜಾರದ ಹಾಗೆ ಬಾರಿನ ಮೇಲೆ ಕೊರೆದ ಗೀರು ಮುಟ್ಟಿ ನೋಡಿ. ಸವೆದು ನೀರಿನ ಪೈಪಿನ ಹಾಗೆ ಆಗಿದ್ದರೆ ಬೇರೆ ಬಾರ್ ಹುಡುಕಿ, ಕೈಗೆ ಸ್ವಲ್ಪ ಚಾಕ್ (ಬೆವರು ಹೀರುವ ಬಿಳಿ ಪುಡಿ) ಹಾಕಿ. 110 ಅದರಲ್ಲೇ ಬಂದರೂ ಬರಬಹುದು.

ಉಲ್ಟಾ ಹಿಡಿತಕ್ಕೆ ನಾನು ಹೂಂ ಅನ್ನುವುದಿಲ್ಲ. ಅಂಗೈ ಹೊರಗೆ ತಿರುಗಿದ ಕೈಯ ಬೈಸೆಪ್ಸ್ ಸ್ನಾಯುರಜ್ಜು ಹರಿಯುವ ಅಪಾಯ ಉಂಟು, ಅದರಲ್ಲೂ ಮೊಣಕೈ ಮಡಚಿ ಎಳೆಯುವ ಅಭ್ಯಾಸ ಇದ್ದರೆ. ಸ್ಪರ್ಧೆಗೆ ಹೋಗುವವರು ಕಲೀತಾರೆ. ನೋಟು ಎಣಿಸುವವರಿಗೆ ಯಾಕೆ?

ಬರಿಗೈ_ಬೆಂಗ್ಳೂರು

ಸ್ಟ್ರ್ಯಾಪ್ ಹಾಕಿ ಎತ್ತಿದ್ದು ಲೆಕ್ಕಕ್ಕಿಲ್ಲ ಗುರು. ಪವರ್‌ಲಿಫ್ಟಿಂಗ್ ಮೀಟಲ್ಲಿ, ಅಂದ್ರೆ ಸ್ಪರ್ಧೇಲಿ, ಅದನ್ನ ಬಿಡೋದೇ ಇಲ್ಲ. ಕೈ ಹಿಡೀತಿಲ್ವಾ, ತೂಕ ಇಳಿಸು. ಅಷ್ಟೇ.

ಹಳೆಕಬ್ಬಿಣ (ಮಂಗಳೂರು)

ಮೀಟಿನಲ್ಲಿ ಬಿಡುವುದಿಲ್ಲ, ಅದು ಹೌದು. ವೇಟ್‌ಲಿಫ್ಟಿಂಗಿನಲ್ಲೂ ಇಲ್ಲ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದದ್ದು ಪಟ್ಟಿ ಇಲ್ಲದೆಯೇ. ಸ್ಟ್ರಾಂಗ್‌ಮ್ಯಾನ್ ಆಟದ ನಿಯಮ ಬೇರೆ. ಇಂಗ್ಲೆಂಡಿನ ಸ್ಟ್ರಾಂಗ್‌ಮ್ಯಾನ್ ಎಡ್ಡಿ ಹಾಲ್ 2016ರಲ್ಲಿ ಲೀಡ್ಸ್‌ನಲ್ಲಿ 500 ಕೆಜಿ ಡೆಡ್‌ಲಿಫ್ಟ್ ಎತ್ತಿದಾಗ ಕೈಯಲ್ಲಿ ಪಟ್ಟಿ ಇತ್ತು. ಲೆಕ್ಕಕ್ಕಿಲ್ಲ ಅಂತ ಅವರಿಗೆ ಹೇಳುವ ಕೆಲಸ ನೀವೇ ಮಾಡಿ.

ಇವರು ಮೀಟಿಗೆ ಹೋಗ್ತೇನೆ ಅಂತ ಎಲ್ಲೂ ಹೇಳಲಿಲ್ಲ. ತೂಕ ಇಳಿಸಿದರೆ ಕೈಗೆ ಸಾಕಾಗ್ತದೆ, ಬೆನ್ನಿಗೆ, ತೊಡೆಗೆ ಸಾಕಾಗುವುದಿಲ್ಲ. ನಿಮ್ಮ ಮಾತಿನಲ್ಲಿ ಅರ್ಧ ನಾನೂ ಒಪ್ತೇನೆ: ವಾರ್ಮಪ್, 100 ತನಕದ ಸೆಟ್ ಎಲ್ಲ ಬರಿಗೈಯಲ್ಲೇ ಆಗಲಿ, ಪಟ್ಟಿ ಕೊನೆಯ ಎರಡು ಸೆಟ್ಟಿಗೆ ಮಾತ್ರ. ಹಾಗೆ ಮಾಡಿದರೆ ಕೈ ಸೋಮಾರಿ ಆಗ್ಲಿಕ್ಕೆ ಪುರುಸೊತ್ತು ಎಲ್ಲಿ?

ಒಂದು ಎಚ್ಚರಿಕೆ. ಕ್ಲೀನ್ (ನೆಲದಿಂದ ಬಾರನ್ನು ಒಂದೇ ಎಳೆತಕ್ಕೆ ಭುಜದ ಮೇಲೆ ತರುವ ವ್ಯಾಯಾಮ) ಮಾಡುವಾಗ ಪಟ್ಟಿ ಹಾಕಬೇಡಿ. ಭುಜದ ಮೇಲೆ ಬಾರ್ ಕೂರುವಾಗ ಕೈ ಬಿಡಿಸಲಿಕ್ಕೆ ಆಗದೆ ಮಣಿಕಟ್ಟು ಹೋಗ್ತದೆ.

ಹುಬ್ಬಳ್ಳಿ_ಅಕ್ಕ

ನಾ ಒಂದ್ ಮಾತ್ ಸೇರಸ್ತೇನ್ರಿ. ನನ್ ಕೈ ಸಣ್ಣವು. ಹೆಣ್ಣಮಕ್ಕಳ ಬಾರ್ 25 ಮಿಮೀ ದಪ್ಪ, 15 ಕೆಜಿ ಇರ್ತೈತಿ, ಆದ್ರ ನಮ್ಮ ಜಿಮ್‌ನ್ಯಾಗ ಅದ ಇಲ್ಲ. 28 ಮಿಮೀದ್ದ ಹಿಡದ್ರ ಹೆಬ್ಬಟ್ಟು ಬೆರಳಿಗೆ ಮುಟ್ಟೂದ ಇಲ್ಲ. ಹಿಂಗಾಗಿ 60 ಕೆಜಿಗೇ ನನಗ ಪಟ್ಟಿ ಬೇಕಾತು. ಕಿಲೋ ನೋಡಿ ನಾಚಿಗಿ ಪಡೂದ್ ಬ್ಯಾಡ್ರಿ.

ಮೊದಲ ನೈಲಾನ್ ತಗೊಂಡಿದ್ದೆ. ಮಣಿಕಟ್ಟಿನ ಸುತ್ತ ಕೆಂಪಗ ಬರಿ ಬಿದ್ದು, ಆಫೀಸಿನ್ಯಾಗ ಒಬ್ಬಾಕಿ ಮೂಲ್ಯಾಗ ಕರದು "ಮನ್ಯಾಗ ಎಲ್ಲಾ ಆರಾಮ ಅದೀರಿಲ್ಲ?" ಅಂತ ಸಣ್ಣ ದನಿಯಾಗ ಕೇಳಿದ್ಲು. ಆಮ್ಯಾಲ ಒಳಗ ಸ್ಪಂಜಿನ ಪದರ ಇರೋ ಹತ್ತಿದು ತಗೊಂಡೆ. ಬಳಿ ಹಾಕೊಂಡು ಪಟ್ಟಿ ಸುತ್ತಬ್ಯಾಡ್ರಿ, ಗಾಜಿಂದಿದ್ರಂತೂ ಮುಗೀತು.

ಎಂಟರ ಆಕಾರದ್ದೂ ಸಿಗತಾವು. ಅದರಾಗ ಕೈ ಸಿಕ್ಕೊಂಡಂಗ, ಬಾರ್ ಬಿಡಬೇಕಂದ್ರ ಲಗೂನ ಬಿಡಾಕ ಬರೂದಿಲ್ಲ. ಹೊಸಬರಿಗೆ ಅದು ಬ್ಯಾಡ.

ತುಂಗಾತೀರ_36

ಮೂರು ವಾರ ಬಿಟ್ಟು ಬರೀತಿದೀನಿ. ಪೊರಕೆ ಕೋಲಿನ ಅಭ್ಯಾಸ ಮಾಡಿದೆ, ಹೆಂಡತಿ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು. ಮೂಲೆಯಲ್ಲಿದ್ದ ಇನ್ನೊಂದು ಬಾರ್‌ನ ಗೀರು ಚೆನ್ನಾಗಿದೆ, ಯಾರೂ ಮುಟ್ತಿರಲಿಲ್ಲ. ಅದರಲ್ಲಿ ಬರಿಗೈಯಲ್ಲೇ 110 ನಾಲ್ಕು ರೆಪ್ ಬಂತು! ಮೊನ್ನೆ ಭಾನುವಾರ ಪಟ್ಟಿ ಹಾಕಿ 120ಕ್ಕೆ ಐದು. ಐದನೇದಕ್ಕೆ ಸೋತಿದ್ದು ಬೆನ್ನು, ಕೈ ಅಲ್ಲ.

ನೈಲಾನ್ ಅಂಚು ಮಾತ್ರ ನಿಜಕ್ಕೂ ಕೊಯ್ಯುತ್ತೆ. ಹಳೆಕಬ್ಬಿಣ ಅವರೇ, ನವಾರು ಎಷ್ಟು ಉದ್ದ ತಗೊಳ್ಳಲಿ?

ಹಳೆಕಬ್ಬಿಣ (ಮಂಗಳೂರು)

ಒಂದು ಕೈಗೆ ಮಡಿಕೆ ಸೇರಿ 65 ಸೆಂಮೀ. ಒಂದೂವರೆ ಮೀಟರ್ ತಗೊಳ್ಳಿ, ಕೊಯ್ದದ್ದು ಸ್ವಲ್ಪ ಓರೆಕೋರೆ ಆದರೂ ಸಾಕಾಗ್ತದೆ. ಹೊಲಿಸುವ ಮೊದಲು ಒಂದು ಸಲ ನೀರಲ್ಲಿ ಅದ್ದಿ ಒಣಗಿಸಿ, ಹತ್ತಿ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಬಾಲದ ತುದಿಯನ್ನೂ ಮಡಚಿ ಹೊಲೀಲಿಕ್ಕೆ ಹೇಳಿ, ಇಲ್ಲದಿದ್ದರೆ ನೂಲು ಬಿಡ್ತಾ ಹೋಗ್ತದೆ. ನಾಯಿಗಾ ಅಂತ ಕೇಳಿದರೆ ಹೌದು ಅಂದುಬಿಡಿ, ಬೇಗ ಮುಗೀತದೆ.