ಪೆನ್ನಿ ಕಂತುಗಳ ವಾರ್ನಿಗೆ ಡ್ರಾಕುಲಾ ಎಷ್ಟು ಋಣಿ?

ಪ್ರಶ್ನೆ:
1845ರಿಂದ 1847ರವರೆಗೆ ಲಂಡನ್ನಿನಲ್ಲಿ ವಾರಕ್ಕೊಂದು ಕಂತಿನಂತೆ, ಕಂತಿಗೆ ಒಂದು ಪೆನ್ನಿಯಂತೆ ಮಾರಾಟವಾದ ‘ವಾರ್ನಿ ದ ವ್ಯಾಂಪೈರ್’ ಧಾರಾವಾಹಿಯನ್ನು ಓದುತ್ತಿದ್ದೇನೆ. ಆಲಿಕಲ್ಲು ಮಳೆಯ ನಡುರಾತ್ರಿಯಲ್ಲಿ ಕಿಟಕಿಯಿಂದ ಒಳನುಗ್ಗುವ ಆಕೃತಿ, ಅದರ ಕೋರೆಹಲ್ಲುಗಳು, ಅದಕ್ಕೆ ಬಲಿಯಾಗುವ ಯುವತಿ ಫ್ಲೋರಾಳ ಕೊರಳಿನಲ್ಲಿ ಉಳಿಯುವ ಎರಡು ಗಾಯದ ಗುರುತುಗಳು, ಇವೆಲ್ಲವೂ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಹೊರಬರುವುದಕ್ಕೆ ಅರ್ಧ ಶತಮಾನ ಮುಂಚೆಯೇ ಇಲ್ಲಿವೆ. ಹಾಗಾದರೆ ಸ್ಟೋಕರ್ ಇವನ್ನು ಇಲ್ಲಿಂದಲೇ ಪಡೆದನೆಂದು ಹೇಳಬಹುದೇ? ಇನ್ನೊಂದು ಸಂದೇಹವೂ ಇದೆ: ಕಥೆಯ ರಕ್ತಪಿಶಾಚಿಯಾದ ವಾರ್ನಿಯ ಹಿನ್ನೆಲೆ ಒಂದು ಕಡೆ ಇಂಗ್ಲೆಂಡಿನ ದೊರೆ ನಾಲ್ಕನೆಯ ಹೆನ್ರಿಯ ಕಾಲಕ್ಕೂ (15ನೆಯ ಶತಮಾನದ ಆರಂಭ) ಇನ್ನೊಂದು ಕಡೆ ಕ್ರಾಮ್‌ವೆಲ್ಲನ ಕಾಲಕ್ಕೂ (17ನೆಯ ಶತಮಾನದ ನಡುಭಾಗ) ಹೋಗುತ್ತದೆ. ಇಷ್ಟು ದೊಡ್ಡ ಅಸಂಗತಿ ಹೇಗೆ ಉಳಿಯಿತು?

ಮೊದಲ ಉತ್ತರ:
ಎರಡನೆಯ ಸಂದೇಹಕ್ಕೆ ಉತ್ತರ ಪ್ರಕಟಣೆಯ ಕ್ರಮದಲ್ಲಿದೆ. ಎಡ್ವರ್ಡ್ ಲಾಯ್ಡ್ ಪ್ರಕಟಿಸುತ್ತಿದ್ದ ಈ ಬಗೆಯ ಕಂತುಗಳು ಸಾಮಾನ್ಯವಾಗಿ ಎಂಟು ಪುಟಗಳವು, ಮೇಲೊಂದು ಮರದಚ್ಚಿನ ಚಿತ್ರ. ಓದುಗರು ಕೊಳ್ಳುವವರೆಗೂ ಕಥೆ ಮುಂದುವರಿಯಬೇಕಿತ್ತು. ಅಚ್ಚಾದ ಕಂತನ್ನು ಹಿಂದಕ್ಕೆ ಪಡೆದು ತಿದ್ದುವ ಅವಕಾಶ ಲೇಖಕನಿಗೆ ಇರಲಿಲ್ಲ. 1847ರಲ್ಲಿ ಪುಸ್ತಕವಾದಾಗ ಅದು ಎರಡು ಅಂಕಣಗಳ 876 ಪುಟಗಳಾಗಿತ್ತು. ಕರ್ತೃವಿನ ಹೆಸರಿರಲಿಲ್ಲ; ಈಗ ಹೆಚ್ಚಿನ ವಿದ್ವಾಂಸರು ಜೇಮ್ಸ್ ಮಾಲ್ಕಮ್ ರೈಮರ್‌ನನ್ನು ಹೆಸರಿಸುತ್ತಾರೆ.

ಆದರೆ ಈ ಒತ್ತಡದಿಂದ ಲಾಭವೂ ಆಯಿತೆಂಬುದು ನನ್ನ ಅಭಿಪ್ರಾಯ. ಖಳನು ಸತ್ತರೆ ಮಾರಾಟ ನಿಲ್ಲುತ್ತದೆ. ಆದ್ದರಿಂದ ವಾರ್ನಿ ಸತ್ತಾಗಲೆಲ್ಲ ಬೆಳದಿಂಗಳು ಬಿದ್ದು ಮತ್ತೆ ಜೀವ ಪಡೆಯುತ್ತಾನೆ (ಈ ಬೆಳದಿಂಗಳ ಉಪಾಯ ಜಾನ್ ಪೊಲಿಡೊರಿ ಎಂಬ ಲೇಖಕನ 1819ರ ‘ದ ವ್ಯಾಂಪೈರ್’ ಕಥೆಯಲ್ಲೇ ಇತ್ತು). ಹೀಗೆ ಸಾಯಲಾರದವನನ್ನು ನೂರಾರು ಅಧ್ಯಾಯಗಳಲ್ಲಿ ಬರಿಯ ಭೀತಿಯ ಆಧಾರದ ಮೇಲೆ ನಡೆಸುವುದು ಅಸಾಧ್ಯವಾದ್ದರಿಂದ, ಅವನು ಕ್ರಮೇಣ ತನ್ನ ಬದುಕಿಗೆ ತಾನೇ ಹೇಸುವ, ಓದುಗರ ಕನಿಕರಕ್ಕೆ ಪಾತ್ರನಾಗುವ ವ್ಯಕ್ತಿಯಾಗುತ್ತಾನೆ. ಕೊನೆಗೆ ವೆಸೂವಿಯಸ್ ಜ್ವಾಲಾಮುಖಿಗೆ ಹಾರಿ ತನ್ನನ್ನು ಕೊನೆಗಾಣಿಸಿಕೊಳ್ಳುತ್ತಾನೆ. ಪಶ್ಚಾತ್ತಾಪ ಪಡುವ ರಕ್ತಪಿಶಾಚಿಯನ್ನು ರೂಪಿಸಿದ್ದರಲ್ಲಿ ಲೇಖಕನ ಪ್ರತಿಭೆಗಿಂತ ಕಂತಿನ ಅಗತ್ಯದ ಪಾಲು ಹೆಚ್ಚೆಂದೇ ನಾನು ಭಾವಿಸುತ್ತೇನೆ.

ಎರಡನೆಯ ಉತ್ತರ:
ಸ್ಟೋಕರನ ವಿಷಯದಲ್ಲಿ ನಾನು ವಾರ್ನಿಗಿಂತ ‘ಕಾರ್ಮಿಲ್ಲಾ’ ಎಂಬ ರಕ್ತಪಿಶಾಚಿಯ ಕಥೆಯತ್ತ ಬೆರಳು ತೋರಿಸುತ್ತೇನೆ. ಅದೂ ಧಾರಾವಾಹಿಯೇ: 1871–72ರಲ್ಲಿ ‘ದ ಡಾರ್ಕ್ ಬ್ಲೂ’ ಮಾಸಪತ್ರಿಕೆಯಲ್ಲಿ ಬಂತು. ಆದರೆ ಕೆಲವೇ ಕಂತುಗಳಲ್ಲಿ ಮುಗಿದು, ಬಿಗಿಯಾಗಿ ಉಳಿದಿದೆ. ಅದರ ಕರ್ತೃ ಶೆರಿಡನ್ ಲೆ ಫಾನು ಸಹಮಾಲೀಕನಾಗಿದ್ದ ಡಬ್ಲಿನ್ನಿನ ಪತ್ರಿಕೆಗೇ ಯುವಕ ಸ್ಟೋಕರ್ ನಾಟಕ ವಿಮರ್ಶೆ ಬರೆಯುತ್ತಿದ್ದ. ‘ಕಾರ್ಮಿಲ್ಲಾ’ದ ಕಥೆ ನಡೆಯುವುದು ಆಸ್ಟ್ರಿಯಾದ ಸ್ಟೈರಿಯಾದಲ್ಲಿ, ಸ್ಟೋಕರನ ಆರಂಭದ ಟಿಪ್ಪಣಿಗಳಲ್ಲಿ ಡ್ರಾಕುಲಾನ ನಾಡೂ ಸ್ಟೈರಿಯಾವೇ ಆಗಿದ್ದು, ಟ್ರಾನ್ಸಿಲ್ವೇನಿಯಾ ಆಮೇಲೆ ಬಂತು. ಕೋರೆಹಲ್ಲು, ಕೊರಳಿನ ಗುರುತುಗಳಂಥ ಸಾಮ್ಯಗಳನ್ನು ನೇರ ಎರವಲೆಂದು ಸಾಧಿಸುವುದು ಕಷ್ಟ, ಏಕೆಂದರೆ ಅಗ್ಗದ ಮುದ್ರಣದ ಮೂಲಕ ಅವು ಅಷ್ಟರಲ್ಲಿ ಎಲ್ಲರ ಸೊತ್ತಾಗಿದ್ದವು. ವ್ಯತ್ಯಾಸವೂ ಇದೆ: ಡ್ರಾಕುಲಾನಿಗಿರುವ ಬೆಳ್ಳುಳ್ಳಿಯ ಭಯ ವಾರ್ನಿಗಿಲ್ಲ. ಹಗಲಿನಲ್ಲಿ ಅವನು ನಿರಾತಂಕವಾಗಿ ಓಡಾಡುತ್ತಾನೆ. ಹಗಲಲ್ಲಿ ಡ್ರಾಕುಲಾ ಕೂಡ ಓಡಾಡುತ್ತಾನೆ ಎಂಬುದನ್ನು ಹಲವರು ಮರೆಯುತ್ತಾರೆ. ಬಿಸಿಲಿಗೆ ರಕ್ತಪಿಶಾಚಿ ನಾಶವಾಗುವುದು 1922ರ ‘ನೊಸ್ಫೆರಾಟು’ ಚಲನಚಿತ್ರದಿಂದ ರೂಢಿಗೆ ಬಂದದ್ದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ವಾರ್ನಿಯ ವಾರಸುದಾರರನ್ನು ಸ್ಟೋಕರನಲ್ಲಿ ಹುಡುಕುವ ಬದಲು, ತಮ್ಮ ಸ್ಥಿತಿಗೆ ತಾವೇ ಮರುಗುವ ಇಪ್ಪತ್ತನೆಯ ಶತಮಾನದ ರಕ್ತಪಿಶಾಚಿಗಳಲ್ಲಿ ಹುಡುಕಬೇಕೆ?

ಮೊದಲ ಉತ್ತರ ಬರೆದವರು:
ಹೋಲಿಕೆ ನಿಜ, ಆದರೆ ವಂಶಾವಳಿ ಬರೆಯಲು ಅವಸರ ಬೇಡ. ಮೂಲ ಪ್ರತಿಗಳು ಬಹುಕಾಲ ದುರ್ಲಭವಾಗಿದ್ದವು. 1970ರ ದಶಕದ ಮರುಮುದ್ರಣಗಳ ನಂತರವೇ ಪೂರ್ಣ ಪಠ್ಯ ಸಾಮಾನ್ಯ ಓದುಗರಿಗೆ ಸುಲಭವಾಗಿ ಸಿಕ್ಕಿತು. ಓದುವಾಗ ನಡುವಿನ ಪುನರಾವೃತ್ತಿಗಳನ್ನು ದಾಟಿಕೊಂಡು ಹೋದರೂ ನಷ್ಟವಿಲ್ಲ, ಆದರೆ ವಾರ್ನಿ ನಿಜಕ್ಕೂ ರಕ್ತಪಿಶಾಚಿಯೋ ಫ್ಲೋರಾಳ ಬ್ಯಾನರ್‌ವರ್ತ್ ಕುಟುಂಬದ ಆಸ್ತಿಗಾಗಿ ಹೊಂಚುಹಾಕಿದ ವಂಚಕನೋ ಎಂದು ಸಂದೇಹ ಹುಟ್ಟಿಸುವ ಆರಂಭದ ಭಾಗಗಳನ್ನು ಬಿಡಬೇಡಿ.